ತೊಳೆದ ಹಾಳೆ

ಅಥವಾ ದೌತಿ ಅವರ ಎಡಕ್ಕಿತ್ತೋ ಏನೋ. ಬಲಕ್ಕೆ ಅಂತ ಮೊದಲು ಬರೆದಿದ್ದೆ, ಹೊಡೆದು ಹಾಕಿದೆ. ಕಿಟಕಿಯ ಬಿಸಿಲು ಬಿದ್ದು ಅದರೊಳಗಿನ ಮಸಿ ಹೊಳೆಯುತ್ತಿದ್ದ ದೃಶ್ಯವೊಂದು ಕಣ್ಣಿಗೆ ಕಟ್ಟಿದೆ. ಆದರೆ ಅವರು ಕೂತು ಬರೆಯುತ್ತಿದ್ದ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಗಲ್ಲಿಯ ಕಡೆಗೆ. ಎದುರು ಮನೆಯ ಗೋಡೆ ಎಷ್ಟು ಹತ್ತಿರವೆಂದರೆ ಅಲ್ಲಿಗೆ ಬಿಸಿಲು ಇಳಿಯುವುದೇ ಸಾಧ್ಯವಿರಲಿಲ್ಲ. ಹಾಗಾದರೆ ಆ ಹೊಳಪನ್ನು ಆಮೇಲೆ ನಾನೇ ಹಚ್ಚಿರಬೇಕು. ಇನ್ನು ಏನೇನು ಹಚ್ಚಿದ್ದೇನೋ ತಿಳಿಯದು. ಓದುವವರು ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು.

ಅವರು ನಮ್ಮ ಪತ್ರಿಕೆಗೆ ದಿನಾ ಒಂದು ವ್ಯಂಗ್ಯಚಿತ್ರ ಬರೆಯುತ್ತಿದ್ದರು. ಬೀದರಿನಿಂದ ಹೊರಡುವ ಸಣ್ಣ ಕನ್ನಡ ದಿನಪತ್ರಿಕೆ. ನಾನು ಅಲ್ಲಿ ಉಪಸಂಪಾದಕಿ. ಅವರು ತೀರಿಕೊಂಡ ಮರುದಿನ ಮೊದಲ ಪುಟದ ಕೆಳಗೆ ಒಂದು ಶೀರ್ಷಿಕೆ ಬಂತು: 'ಕೊನೆಯ ದಿನದವರೆಗೂ ಗೆರೆ ಎಳೆದ ಕಲಾವಿದ.' ಆ ಸಾಲು ನನ್ನದಲ್ಲ. ಅದು ನಿಜವೋ ಸುಳ್ಳೋ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಅವರ ಮಗಳಿಗೆ ಅದು ಇತ್ಯರ್ಥವಾಗಬೇಕಾಗಿದೆ. ಈ ಬರಹವನ್ನು ಬರೆಯಲು ಹೇಳಿದವಳೂ ಅವಳೇ.

ಅವರ ಹೆಸರು ಹೇಳುವುದಿಲ್ಲ. ಚಿತ್ರದ ಕೆಳಗೆ ಅವರೂ ಹೆಸರು ಹಾಕುತ್ತಿರಲಿಲ್ಲ. ಓರೆಯಾಗಿ ಕತ್ತರಿಸಿದ ಲೇಖನಿಯನ್ನು ಹಾಳೆಗೆ ಒಮ್ಮೆ ಒತ್ತಿ ಎತ್ತಿದರೆ ಹರಳಿನ ಆಕಾರದ ಒಂದು ಚುಕ್ಕೆ ಬೀಳುತ್ತದೆ. ಅಷ್ಟೇ ಅವರ ಸಹಿ. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಅವರು ನನ್ನನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು.

"ಬಂದ್ಳು ನೋಡ್ರಿ ಭಾಲ್ಕಿ. ಇವತ್ತ ನಿನ್ನ ರೈಲು ಹಳಿ ಮ್ಯಾಲ ಬಂತೋ, ಹೊಲದಾಗ ಹಾದು ಬಂತೋ?"

ದಿನಾ ಭಾಲ್ಕಿಯಿಂದ ಬಂದು ಹೋಗುತ್ತಿದ್ದ ನನಗೆ ಮಧ್ಯಾಹ್ನದ ಊಟದ ನಂತರ ಚೌಬಾರಾ ಗೋಪುರದ ಹಿಂದಿನ ಗಲ್ಲಿಯ ಮನೆಗೆ ಹೋಗಿ ಅವರ ಚಿತ್ರ ತರುವುದು ಒಂದು ಕೆಲಸ. ಫೋನಿನಲ್ಲಿ ಫೋಟೊ ತೆಗೆದು ಕಳಿಸಿದರೆ ಆಗುತ್ತಿತ್ತು. ಅವರು ಒಪ್ಪುತ್ತಿರಲಿಲ್ಲ. ಫೋನು ಕರಿ ಬಣ್ಣವನ್ನು ಬೂದಿ ಮಾಡುತ್ತದೆ ಅಂತ.

ಅವರು ಮೂಲದಲ್ಲಿ ಚಿತ್ರಕಾರರಲ್ಲ, ಕಾತಿಬ್. ಉರ್ದು ವಾರಪತ್ರಿಕೆಯೊಂದಕ್ಕೆ ಇಡೀ ಪುಟಗಳನ್ನು ಕೈಯಿಂದ ಬರೆದುಕೊಡುತ್ತಿದ್ದವರು. ಉರ್ದು ಅಕ್ಷರಗಳು ಕಂಪ್ಯೂಟರಿಗೆ ಬಂದ ಮೇಲೆ ಆ ಕೆಲಸ ಹೋಯಿತು. ಅಲ್ಲಿಂದ ಕನ್ನಡ ಪತ್ರಿಕೆಯ ಚಿತ್ರಕ್ಕೆ ಹೇಗೆ ಬಂದರು ಎಂಬುದಕ್ಕೆ ನನ್ನ ಬಳಿ ಮೂರು ಕತೆಗಳಿವೆ. ಚಹದ ಹೋಟೆಲಿನಲ್ಲಿ ಅವರು ಪೇಪರಿನ ಅಂಚಿಗೆ ಬರೆದ ಒಬ್ಬ ಶಾಸಕನ ಮೂಗನ್ನು ನೋಡಿ ತಾವೇ ಕರೆದೆವು ಎನ್ನುತ್ತಾರೆ ನಮ್ಮ ಸಂಪಾದಕರು. ತಾನೇ ಹೋಗಿ ಕೇಳಿದೆನೆಂದು ಚಾಚಾ ಹೇಳುತ್ತಿದ್ದರು. ಅವರ ಹೆಂಡತಿ ಚಾಚಿ ಹೇಳುವುದು ಬೇರೆ: "ದಿನಾ ಮನಿಯಾಗ ಕುಂತು ನಾ ಹಚ್ಚಿದ ಒಗ್ಗರಣಿಗಿ ಹೆಸರ ಇಡ್ತಿದ್ರು. ಹೋಗ್ರಿ ಎಲ್ಲ್ಯಾರ ಅಂತ ನಾನೇ ಹೊರಗ ಹಾಕೀನಿ." ಮೂವರನ್ನೂ ಹೊಗಳದ ಕತೆ ಇದೊಂದೇ. ನಾನು ಇದನ್ನೇ ನಂಬುತ್ತೇನೆ.

ಕಾತಿಬರ ಸಾಮಾನುಗಳನ್ನೇ ಅವರು ಚಿತ್ರಕ್ಕೂ ಬಳಸಿದರು. ಸಂಪಾದಕರು ಒಮ್ಮೆ ಹೈದರಾಬಾದಿನಿಂದ ಬೆಲೆಬಾಳುವ ಪೆನ್ನು ತಂದುಕೊಟ್ಟಿದ್ದರು. ಚಾಚಾ ಅದರಿಂದ ಬೆನ್ನು ತುರಿಸಿಕೊಳ್ಳುತ್ತಿದ್ದರು. "ಚಲೋ ಅದ. ಉದ್ದ ಅದ," ಎಂದು ಸಂಪಾದಕರ ಮುಂದೆಯೇ ಹೇಳಿದರು. ಅವರ ಕೈಗೆ ಬೇಕಾದದ್ದು ಜೊಂಡಿನ ಕಡ್ಡಿ. ಅದನ್ನು ಚಾಕುವಿನಿಂದ ಹೆರೆದು, ತುದಿಯನ್ನು ಒಂದು ಚಪ್ಪಟೆ ಎಲುಬಿನ ತುಂಡಿನ ಮೇಲಿಟ್ಟು, ಅಲಗನ್ನು ಓರೆಯಾಗಿ ಇಟ್ಟು ಒಮ್ಮೆಗೇ ಒತ್ತುತ್ತಿದ್ದರು. ಟಕ್ ಎಂದು ಒಂದೇ ಸದ್ದು. ಸದ್ದು ಸರಿಯಾಗಿ ಬಂದರೆ ಕಡ್ಡಿಯನ್ನು ನೋಡುತ್ತಲೂ ಇರಲಿಲ್ಲ, ನೇರ ದೌತಿಗೆ ಅದ್ದುವುದೇ. ದೌತಿಯ ಒಳಗೆ ರೇಷ್ಮೆ ನೂಲಿನ ಒಂದು ಉಂಡೆ ಇರುತ್ತಿತ್ತು. ಮಸಿ ನೂಲಿನಲ್ಲಿ ನಿಲ್ಲುತ್ತದೆ, ಕಡ್ಡಿಗೆ ಬೇಕಾದಷ್ಟೇ ಹತ್ತುತ್ತದೆ. ನೂಲು ಚಾಚಿಯ ಮದುವೆಯ ಸೀರೆಯದು ಎಂದು ಅವರು ಹೇಳುತ್ತಿದ್ದರು. ಚಾಚಿ ಒಳಗಿನಿಂದ, "ಸುಳ್ಳ ಹೇಳ್ತಾರ. ನನ್ನ ಮದುವಿ ಸೀರಿ ರೇಷ್ಮಿದು ಎಲ್ಲಿತ್ತು?" ಎನ್ನುತ್ತಿದ್ದರು.

ಜೊಂಡಿಗಾಗಿ ಚಳಿಗಾಲ ಮುಗಿಯುವಾಗ ಅವರು ಮಾಂಜ್ರಾ ನದಿಯ ದಂಡೆಗೆ ಹೋಗುತ್ತಿದ್ದರು. ಒಂದು ಸಲ ನಾನೂ ಜೊತೆಗಿದ್ದೆ. ಸಾಯಗಾಂವದ ಕಡೆ. ಅವರು ಪೈಜಾಮ ಮಡಚಿ ಕೆಸರಿಗಿಳಿದು, ಒಂದೊಂದು ಕಡ್ಡಿಯನ್ನೂ ಉಗುರಿನಿಂದ ಬಡಿದು ಕಿವಿಗೆ ಹಿಡಿದು ನೋಡುತ್ತಿದ್ದರು. ಮೇಲೆ ನಿಂತ ಒಬ್ಬ ಎಮ್ಮೆ ಕಾಯುವವನು ಕೇಳಿದ:

"ಏನ್ ಸಾಹೇಬ್ರ, ಕೊಳಲ ಮಾಡ್ತೀರೇನ್ರಿ?"

"ಹೌ. ಮಂತ್ರಿಗೋಳಿಗಿ ಕುಣಸಬೇಕಲ್ಲ."

"ಅವರು ಕುಣಿಯಂಗಿಲ್ರಿ. ನಮ್ಮ ಎಮ್ಮಿಗಿ ಕುಣಸ್ರಿ, ಹಾಲರ ಜಾಸ್ತಿ ಕೊಡ್ತಾವ."

ಈ ಮಾತುಗಳನ್ನು ನಾನು ಎಷ್ಟೋ ಸಲ ಎಷ್ಟೋ ಜನರಿಗೆ ಹೇಳಿದ್ದೇನೆ. ಎಮ್ಮೆಯವನ ತಲೆಯ ಮೇಲಿನ ಟವೆಲ್ಲಿನ ಬಣ್ಣವೂ ನೆನಪಿದೆ. ಕಳೆದ ತಿಂಗಳು ಚಾಚಿಯ ಮುಂದೆ ಹೇಳಿದಾಗ ಅವರು ತಲೆ ಅಲ್ಲಾಡಿಸಿದರು. "ಸಾಯಗಾಂವ ಅಲ್ಲ ಬೇಟಿ, ಚಿಂತಾಕಿ ಕಡಿ ಹಳ್ಳ. ನನ್ನ ತವರಮನಿ ಕಡಿ. ಮತ್ತ ನೀ ಎಲ್ಲಿ ಬಂದಿದ್ದಿ? ಅವರು ಬಂದು ಹೇಳಿದ್ದು ನೀ ಇಲ್ಲೇ ಕುಂತು ಕೇಳೀದಿ. ನಾ ನಿನಗ ಚುರಮುರಿ ಸುಶೀಲಾ ಕೊಟ್ಟಿದ್ದೆ ತಿನ್ಲಕ್ಕ."

ಸುಶೀಲಾ ತಿಂದದ್ದು ನಿಜ. ಉಳಿದದ್ದರ ಬಗ್ಗೆ ಈಗ ನನಗೆ ಧೈರ್ಯವಿಲ್ಲ.

ಇನ್ನು ಹಾಳೆ. ಇದನ್ನು ಸರಿಯಾಗಿ ಹೇಳಬೇಕು, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಅವರು ಬರೆಯುತ್ತಿದ್ದದ್ದು ಗಂಜಿ ಬಳಿದು, ಒಣಗಿಸಿ, ಕವಡೆಯಿಂದ ತಿಕ್ಕಿ ತಿಕ್ಕಿ ಗಾಜಿನಂತೆ ನುಣುಪಾಗಿಸಿದ ದಪ್ಪ ಹಾಳೆಗಳ ಮೇಲೆ. ಮಸಿಯೂ ಮನೆಯದೇ, ದೀಪದ ಕಾಡಿಗೆಗೆ ಅಂಟು ಕಲಸಿದ್ದು. ಅಂಥ ಹಾಳೆಯೊಳಗೆ ಅಂಥ ಮಸಿ ಇಳಿಯುವುದಿಲ್ಲ, ಮೇಲೆಯೇ ಕೂತಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಆದ್ದರಿಂದ ಆ ಮನೆಯಲ್ಲಿ ಇದ್ದದ್ದು ಕೆಲವೇ ಹಾಳೆಗಳು. ಕಚೇರಿಯಲ್ಲಿ ಸ್ಕ್ಯಾನ್ ಆದ ಚಿತ್ರವನ್ನು ಮರುದಿನ ನಾನು ಹಿಂದಕ್ಕೆ ತಂದುಕೊಡಬೇಕು. ಚಾಚಿ ಅದನ್ನು ಬಚ್ಚಲಿಗೆ ಒಯ್ದು ತೊಳೆದು ಒಣಹಾಕಬೇಕು. ಅದರ ಮೇಲೆ ಮತ್ತೊಂದು ಚಿತ್ರ. ಕಾತಿಬರ ಮನೆಗಳಲ್ಲಿ ಹಿಂದೆಲ್ಲ ಹೀಗೇ ಇತ್ತಂತೆ. ನಾನು ನೋಡಿದ್ದು ಇದೊಂದೇ ಮನೆ.

"ಚಾಚಾ, ಒಂದಾದ್ರೂ ಇಟ್ಟುಕೊಬಾರದೇನ್ರಿ?"

"ಯಾಕ? ನಿನ್ನಿ ಜಗಳ ಯಾರರ ತೆಗದಿಡ್ತಾರೇನು? ಪೇಪರಿನ್ಯಾಗ ಬಂತಲ್ಲ. ಮುಗೀತು. ನನಗ ಹಾಳಿ ಬೇಕು."

ಅವರ ಚಿತ್ರಗಳಲ್ಲಿ ಒಂದು ತಪ್ಪಿತ್ತು. ತಪ್ಪು ಎನ್ನಬೇಕೋ ಬೇಡವೋ ತಿಳಿಯದು. ಉರ್ದು ಬಲದಿಂದ ಎಡಕ್ಕೆ ನಡೆಯುತ್ತದೆ. ಹೀಗಾಗಿ ಅವರ ಚಿತ್ರದಲ್ಲಿ ಮೊದಲು ಮಾತಾಡುವವನು ಬಲಕ್ಕೆ ನಿಲ್ಲುತ್ತಿದ್ದ, ಉತ್ತರ ಕೊಡುವವನು ಎಡಕ್ಕೆ. ಕನ್ನಡ ಓದುವವರಿಗೆ ಮೊದಲು ಉತ್ತರ ಸಿಗುತ್ತಿತ್ತು, ಆಮೇಲೆ ಪ್ರಶ್ನೆ. ಕನ್ನಡವನ್ನು ಅವರು ನಮ್ಮಷ್ಟೇ ಚೆನ್ನಾಗಿ ಆಡುತ್ತಿದ್ದರು, ಓದುವುದು ಮಾತ್ರ ನಿಧಾನ. ಮಾತುಗಳನ್ನು ಅವರು ಬಾಯಲ್ಲಿ ಹೇಳುತ್ತಿದ್ದರು, ನಾನು ಕಚೇರಿಯಲ್ಲಿ ಟೈಪು ಮಾಡಿ ಕೂರಿಸುತ್ತಿದ್ದೆ.

ಒಂದು ಚಿತ್ರ ಹೀಗಿತ್ತು. ಬಲಕ್ಕೆ ಖಾಲಿ ಕೊಡ ಹಿಡಿದ ಹೆಂಗಸು: 'ನೀರು ಯಾವಾಗ ಬರ್ತಾವ್ರಿ?' ಎಡಕ್ಕೆ ಕುರ್ಚಿಯ ಅಧಿಕಾರಿ: 'ಬಿಲ್ಲು ಬಂದಿಲ್ಲೇನು?' ಭಾಲ್ಕಿ ಸ್ಟೇಷನ್ನಿನ ಎದುರಿನ ಚಹದಂಗಡಿಯಲ್ಲಿ ಅದರ ಬಗ್ಗೆ ವಾದವೇ ಆಯಿತು.

"ಅಧಿಕಾರಿ ಮೊದಲ ಕೇಳ್ಯಾನಲ್ಲೋ, ಬಿಲ್ಲು ಬಂದಿಲ್ಲೇನು ಅಂತ. ಅದಕ ಅಕಿ ನೀರ ಕೇಳ್ತಾಳ. ಭಾರಿ ಅಂದಾಳ ಹೆಣಮಗಳು."

"ಲೇ ಹುಚ್ಚಾ, ಬಲಕಿಂದ ಓದ್ಬೇಕು. ಬರ್ದಾಂವ ಸಾಬ ಇದ್ದಾನ."

"ಎಡಕಿಂದ ಓದಿದ್ರೂ ನಗು ಬರ್ತದಲ್ಲ ಮತ್ತ?"

"ಬಂದ್ರ ನಗು. ನಿನಗ ಯಾರ ಬ್ಯಾಡ ಅಂದಾರ?"

ನಾನು ಇದನ್ನು ಚಾಚಾಗೆ ಹೇಳಿದಾಗ ಅವರು ಕಡ್ಡಿ ಕೆಳಗಿಟ್ಟು ನಕ್ಕರು. ಮರುದಿನವೂ ಮೊದಲ ಮಾತಿನವನನ್ನು ಬಲಕ್ಕೇ ನಿಲ್ಲಿಸಿದರು. ವರ್ಷಗಳು ಹೋದಂತೆ ಓದುಗರೇ ಬದಲಾದರು. ಬೀದರಿನಲ್ಲಿ, ಔರಾದದಲ್ಲಿ, ಭಾಲ್ಕಿಯಲ್ಲಿ ಜನ ಇಡೀ ಪೇಪರನ್ನು ಎಡದಿಂದ ಓದಿ, ಆ ಒಂದು ಚೌಕಕ್ಕೆ ಬಂದಾಗ ಕಣ್ಣನ್ನು ಬಲಕ್ಕೆ ಒಯ್ಯುತ್ತಿದ್ದರು.

ಆಮೇಲೆ ಪುಟ ಕಟ್ಟಲು ಒಬ್ಬ ಹೊಸ ಹುಡುಗ ಬಂದ. ಅಚ್ಚುಕಟ್ಟಿನ ಮನುಷ್ಯ. ಬಂದ ವಾರದಲ್ಲೇ ಅವನು ಚಾಚಾನ ಚಿತ್ರವನ್ನು ಕಂಪ್ಯೂಟರಿನಲ್ಲಿ ಕನ್ನಡಿಯಲ್ಲಿ ಕಂಡಂತೆ ಹೊರಳಿಸಿದ. ಪ್ರಶ್ನೆ ಎಡಕ್ಕೆ ಬಂತು, ಉತ್ತರ ಬಲಕ್ಕೆ. ಆ ದಿನದ ಚಿತ್ರದಲ್ಲಿ ಮದುವೆಯ ಊಟದ ಪಂಕ್ತಿಯಿತ್ತು. ಹೊರಳಿಸಿದ್ದರಿಂದ ಪಂಕ್ತಿಯ ಎಲ್ಲರೂ ಎಡಗೈಯಿಂದ ಉಣ್ಣುತ್ತಿದ್ದರು. ಚಾಚಾ ಎಂದೂ ಕಚೇರಿಗೆ ಬಂದವರಲ್ಲ. ಅವತ್ತು ಪೇಪರು ಹಿಡಿದು ಮೆಟ್ಟಿಲು ಹತ್ತಿ ಬಂದರು.

"ಯಾಂವ ಇದು ಹೊಳ್ಳಿಸಿದಾಂವ?"

ಹುಡುಗ ಎದ್ದು ನಿಂತ. "ಸಾಹೇಬ್ರ, ಕನ್ನಡ ಎಡಕಿಂದ ಓದ್ತೀವ್ರಿ. ಅದಕ್ಕ..."

"ಓದ್ರಿ. ಯಾರ ಬ್ಯಾಡಂದಾರ? ಉಣ್ಣೂದು ಬಲಗೈಲೆ ಉಣ್ರಿ."

ಕಚೇರಿಯೆಲ್ಲ ನಕ್ಕಿತು, ಹುಡುಗನೂ ನಕ್ಕ. ಚಾಚಾ ನಗಲಿಲ್ಲ ಎಂದು ನನ್ನ ನೆನಪು. ಹುಡುಗನ ನೆನಪಿನಲ್ಲಿ ಅವರೂ ನಕ್ಕು ಅವನ ಬೆನ್ನು ತಟ್ಟಿ ಚಹ ಕುಡಿದು ಹೋದರು. ಏನೇ ಇರಲಿ, ಆಮೇಲೆ ಯಾರೂ ಅವರ ಚಿತ್ರ ಹೊರಳಿಸಲಿಲ್ಲ.

ಅವರ ಕೈ ನಡುಗುವುದು ಮೊದಲು ತಿಳಿದದ್ದು ಕಿವಿಗೆ. ಎಲುಬಿನ ಮೇಲೆ ಟಕ್ ಎನ್ನಬೇಕಾದದ್ದು ಕರ್ ಎಂದಿತು. ಕಡ್ಡಿಯ ತುದಿ ಜಜ್ಜಿಹೋಯಿತು. "ಈ ವರ್ಷ ಜೊಂಡು ಹುಳುಕ ಅದ," ಎಂದು ಇನ್ನೊಂದು ತೆಗೆದರು. ಅದೂ ಹಾಗೇ ಆಯಿತು. ಕೆಲವು ದಿನಗಳ ನಂತರ ಹೋದಾಗ ಚಾಚಿ ಬಾಗಿಲ ಬಳಿ ಕೂತು ಕಡ್ಡಿ ಕತ್ತರಿಸುತ್ತಿದ್ದರು. ಗೆರೆಗಳು ಅಲ್ಲಲ್ಲಿ ಹಲ್ಲುಹಲ್ಲಾಗತೊಡಗಿದವು. ಶಾಸಕರ ಕೆನ್ನೆಗೆ ಗಡ್ಡ ಬಂದ ಹಾಗೆ ಕಾಣುತ್ತಿತ್ತು.

ಸಂಪಾದಕರು ಚಾಚಾನ ಮನೆಗೇ ಹೋದರು. ನಾನೂ ಹೋಗಿದ್ದೆ. ಅವರಿಗೆ ಚಾಚಾನ ಮೇಲೆ ನಿಜವಾದ ಪ್ರೀತಿಯಿತ್ತು.

"ಸಾಹೇಬ್ರ, ಸ್ವಲ್ಪ ಆರಾಮ ತಗೋರಿ. ನಮ್ಮ ಹತ್ರ ನಿಮ್ಮ ಹಳೇವು ಭಾಳ ಅವ. ಇದೇ ಜಾಗದಾಗ ದಿನಾ ಒಂದೊಂದು ಹಾಕ್ತೀವಿ."

ಚಾಚಾ ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದರು.

"ಹಳೇ ಚಿತ್ರ ಹಾಕಿದ್ರ ಮಂದಿ ಏನ ತಿಳಕೋತಾರ ಗೊತ್ತದೇನ್ರಿ? ಸತ್ತಾನ ಅಂತ ತಿಳಕೋತಾರ. ಸತ್ತ ಮ್ಯಾಲ ಹಾಕ್ರಿ ಬೇಕಾದ್ರ. ನಾ ಇರೂತನ ದಿನಾ ಹೊಸಾದು ಬರ್ತದ. ಒಂದು ದಿನ ತಪ್ಪಿದ್ರ ಆ ಜಾಗದಾಗ ಜ್ಯೋತಿಷ್ಯ ಹಾಕ್ರಿ, ನಾ ಕೇಳಂಗಿಲ್ಲ."

ಅವರಿಗೆ ಉಳಿದದ್ದು ಆ ಚೌಕ ಒಂದೇ ಎಂದು ನನಗೆ ಅವತ್ತು ಅರ್ಥವಾಯಿತು. ಪೇಪರು ತೆರೆದವನಿಗೆ ತಾನು ಇವತ್ತೂ ಇದ್ದೇನೆ ಎಂದು ಗೊತ್ತಾಗಬೇಕು. ಹೊಸ ಚಿತ್ರವಿಲ್ಲದಿದ್ದರೆ ಅವರಿಲ್ಲ.

ಔರಾದದಲ್ಲಿ ಕನ್ನಡ ಶಾಲೆಯ ಟೀಚರಾಗಿದ್ದ ಮಗಳು ರಜೆ ಹಾಕಿ ಮನೆಗೆ ಬಂದಳು. ಅದಾದ ಮೇಲೆ ಕೋಣೆಯ ಬಾಗಿಲು ಮುಚ್ಚಿತು. ನಾನು ಹೋದರೆ ಅಡುಗೆಮನೆಯಲ್ಲಿ ಕೂರಬೇಕು. ಒಳಗಿನಿಂದ ಕೆಮ್ಮು ಕೇಳುತ್ತಿತ್ತು. ಒಮ್ಮೊಮ್ಮೆ, "ಭಾಲ್ಕಿ ಬಂದಾಳೇನು?" ಎಂಬ ಧ್ವನಿ. ಸ್ವಲ್ಪ ಹೊತ್ತಿಗೆ ಚಾಚಿಯೋ ಮಗಳೋ ಹಾಳೆ ತಂದುಕೊಡುತ್ತಿದ್ದರು, ಚಾಚಾ ಹೇಳಿದರೆಂಬ ಮಾತುಗಳನ್ನು ತಂದವರೇ ನನಗೆ ಹೇಳುತ್ತಿದ್ದರು. ಮತ್ತು ಗೆರೆಗಳು ಸರಿಹೋಗಿದ್ದವು. ಹಲ್ಲುಹಲ್ಲಾದ ಗೆರೆ ಹೋಗಿ ನೇರವಾದ ಗೆರೆ. ಕೆಳಗೆ ಹರಳಿನ ಆಕಾರದ ಚುಕ್ಕೆ. ಔಷಧ ಹತ್ತಿದೆ ಎಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಂಡೆವು. ಸಂಪಾದಕರು ಪೇಢೆ ಕೊಟ್ಟು ಕಳಿಸಿದರು.

ಒಂದು ಬೆಳಗ್ಗೆ ಚಾಚಾ ತೀರಿಹೋದರು. ಹಿಂದಿನ ದಿನದ ಚಿತ್ರ ಆ ಬೆಳಗಿನ ಪೇಪರಿನಲ್ಲಿತ್ತು. ಅದರ ಮೂಲ ಹಾಳೆ ನನ್ನ ಚೀಲದಲ್ಲಿತ್ತು. ಸುದ್ದಿ ಕೇಳಿ ಕಚೇರಿಯಿಂದ ನೇರ ಆ ಮನೆಗೆ ಹೋದೆ. ಹೆಂಗಸರು ಒಳಗೆ ತುಂಬಿದ್ದರು. ಚಾಚಿಯ ಪಕ್ಕ ಕೂತು ಏನು ಮಾಡಬೇಕೋ ತಿಳಿಯದೆ ಚೀಲದಿಂದ ಹಾಳೆ ತೆಗೆದು ಅವರ ಕೈಗೆ ಕೊಟ್ಟೆ. ಅದನ್ನು ಅವರು ಇಟ್ಟುಕೊಳ್ಳುತ್ತಾರೆ, ಎದೆಗೆ ಒತ್ತಿಕೊಳ್ಳುತ್ತಾರೆ ಎಂದೇನೋ ನನ್ನ ಮನಸ್ಸಿನಲ್ಲಿತ್ತು. ಅವರು ಎದ್ದರು. ಹೆಂಗಸರ ನಡುವೆ ದಾರಿ ಮಾಡಿಕೊಂಡು ಬಚ್ಚಲಿಗೆ ಹೋದರು. ನೀರಿನ ಸದ್ದು ಬಂತು. ಮಗಳು ಹಿಂದೆಯೇ ಓಡಿದಳು.

"ಅಮ್ಮೀ, ಬ್ಯಾಡ!"

"ನಾಳಿಗಿ ಬೇಕಲ್ಲ ಅವರಿಗಿ," ಎಂದರು ಚಾಚಿ. ಕೈ ನಿಲ್ಲಲಿಲ್ಲ. ಮಸಿ ಬಚ್ಚಲ ಕಲ್ಲಿನ ಮೇಲೆ ಹರಿದು ಹೋಯಿತು. ಹಾಳೆಯನ್ನು ಝಾಡಿಸಿ, ಹಗ್ಗಕ್ಕೆ ಹಾಕಿ, ಎರಡೂ ಕೈಯಿಂದ ಸಾಪು ಮಾಡಿ, ಆಮೇಲೆ ಅದರ ಕೆಳಗೇ ಕುಸಿದು ಕೂತು ಅತ್ತರು. ಅಲ್ಲಿಯವರೆಗೆ ಅವರು ಅತ್ತಿರಲಿಲ್ಲ ಎಂದು ಯಾರೋ ಹೇಳಿದರು.

ನೆನಪಿನ ಪುಟವೊಂದನ್ನು ಕಟ್ಟಲು ನಾನು ಹಳೆಯ ಸಂಚಿಕೆಗಳನ್ನು ತೆಗೆದದ್ದು ಆಮೇಲೆ. ಕೊನೆಯ ತಿಂಗಳುಗಳಿಗೆ ಬಂದಾಗ ಕೈ ನಿಂತಿತು. ಬಾಗಿಲು ಮುಚ್ಚಿದ ಮೇಲಿನ ಚಿತ್ರಗಳಲ್ಲಿ ಮೊದಲು ಮಾತಾಡುವವನು ಎಡಕ್ಕೆ ನಿಂತಿದ್ದ. ಒಂದರಲ್ಲಲ್ಲ, ಎಲ್ಲದರಲ್ಲೂ. ಆ ಮಾತುಗಳನ್ನು ಕೂರಿಸಿದವಳು ನಾನೇ. ಆಗ ಗಮನಿಸಿದ್ದೆನೇ? ಗಮನಿಸಿದ್ದೆ, ಒಂದು ಕ್ಷಣ ತಡೆದಿದ್ದೆ ಎಂದು ಈಗ ಅನ್ನಿಸುತ್ತದೆ. ಆ ಅನ್ನಿಸಿಕೆಯನ್ನು ನಾನು ನಂಬುವುದಿಲ್ಲ.

ಪುಟ ಕಟ್ಟುವ ಹುಡುಗ ಬೇರೆ ಊರಿನ ಪತ್ರಿಕೆಗೆ ಹೋಗಿದ್ದ. ಫೋನು ಮಾಡಿ ಕೇಳಿದೆ, ಮತ್ತೆ ಹೊರಳಿಸಿದೆಯಾ ಎಂದು.

"ನಾ ಮುಟ್ಟಿಲ್ರಿ ಮೇಡಂ. ಮುಟ್ಟಿದ್ರ ಹಾಸಿಗಿಯಿಂದ ಎದ್ದು ಬರ್ತಿದ್ರು ಅವರು."

ಬಸ್ಸು ಹತ್ತಿ ಔರಾದಕ್ಕೆ ಹೋದೆ. ಮಗಳು ಶಾಲೆ ಬಿಟ್ಟು ಬರುವವರೆಗೆ ಅವಳ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಪೇಪರುಗಳನ್ನು ಹರಡಿ ತೋರಿಸಿದೆ. ಕನ್ನಡ ಶಾಲೆಯಲ್ಲಿ ಕಲಿತವಳು, ಕನ್ನಡ ಕಲಿಸುವವಳು. ಎಡದಿಂದ ಬಲಕ್ಕೆ ಬರೆಯುವ ಕೈ ಆ ಮನೆಯಲ್ಲಿ ಅವಳದೊಂದೇ. ಅವಳು ಒಂದೊಂದನ್ನೂ ಎತ್ತಿ ನೋಡಿದಳು.

"ನಾನು ಅಂತೀರೇನು ಆಪಾ? ಬೋರ್ಡಿನ ಮ್ಯಾಲ ಮಾವಿನಹಣ್ಣ ಬರದ್ರ ಹುಡುಗ್ರು ಬದನಿಕಾಯಿ ಅಂತ ನಗ್ತಾವ. ನಾ ಅಮ್ಮಿ ಬರೀತಾಳ ಅಂತ ತಿಳಕೊಂಡಿದ್ದೆ. ಕಡ್ಡಿ ಅಕಿನೇ ಕೊಯ್ತಿದ್ಳು. ಅಬ್ಬಾನ ಮುಂದ ಕೇಳ್ಲಿಕ್ಕ ನನಗ ಧೈರ್ಯ ಆಗಿಲ್ಲ."

ಬೀದರಿಗೆ ಮರಳಿ ಚಾಚಿಯನ್ನು ಕೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ.

"ನಾ ಎಲ್ಲಿ ಬರೀಲಿ ಬೇಟಿ? ನನಗ ತೊಳೀಲಿಕ್ಕ ಬರ್ತದ, ಅಷ್ಟೇ. ಮಗಳು ಬರೀತಾಳ ಅಂತ ನಾ ಸುಮ್ಮ ಇದ್ದೆ. ಅಪ್ಪಗ ಕೈ ಹಿಡದು ಕೂಡಿಸಿ ಬಾಗಿಲ ಹಾಕ್ತಿದ್ಳು. ನಾ ಒಳಗ ಹೋಗಿದ್ರ ಅವರಿಗಿ ನಾಚಿಕಿ ಆಗ್ತಿತ್ತು."

ಮಗಳು ಹೇಳುವ ಪ್ರಕಾರ ಅವಳು ಅವರನ್ನು ಕೂಡಿಸಿ ಬಾಗಿಲು ಹಾಕಿ ತಾನೂ ಹೊರಗೆ ಬರುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಕೇಳದೆ, ಎರಡು ಕೋಣೆಗಳಲ್ಲಿ ಕೂತು, ಒಳಗೆ ಇನ್ನೊಬ್ಬಳು ಇದ್ದಾಳೆಂದು ನಂಬಿ ಆ ಮಧ್ಯಾಹ್ನಗಳನ್ನು ಕಳೆದರು. ಹಾಗಾದರೆ ಒಳಗೆ ಇದ್ದದ್ದು ಅವರೊಬ್ಬರೇ. ಅನ್ನದ ತುತ್ತು ಬಾಯಿಗೆ ಒಯ್ಯಲಾಗದ ಕೈ ಆ ಗೆರೆಗಳನ್ನು ಹೇಗೆ ಎಳೆಯಿತು? ಇಡೀ ಜೀವಮಾನ ಬಿಡದ ದಿಕ್ಕನ್ನು ಕೊನೆಗೆ ಯಾಕೆ ಬಿಟ್ಟರು? ಎಡದಿಂದ ಹೊರಟರೆ ನಡುಗುವ ಕೈಗೆ ಏನಾದರೂ ಅನುಕೂಲವಿತ್ತೇ? ಹೈದರಾಬಾದಿನಲ್ಲಿ ನರರೋಗದ ವೈದ್ಯರನ್ನು ಕೇಳಿದೆ. ಆಗಲೂಬಹುದು, ಆಗದಿರಲೂಬಹುದು ಎಂದರು. ಇಲ್ಲವೇ ತಾಯಿ ಮಗಳಲ್ಲಿ ಒಬ್ಬರು ನನಗೆ ಸುಳ್ಳು ಹೇಳುತ್ತಿದ್ದಾರೆ, ಅವರ ಮರ್ಯಾದೆಗಾಗಿ. ಇಬ್ಬರೂ ಹೇಳುತ್ತಿರಬಹುದು. ಹಾಳೆ ಇದ್ದಿದ್ದರೆ ಮಸಿಯ ಒತ್ತು ನೋಡಿ ಯಾರಾದರೂ ಹೇಳುತ್ತಿದ್ದರೋ ಏನೋ. ಹಾಳೆಗಳೆಲ್ಲ ಬೆಳ್ಳಗಿವೆ.

ಅವತ್ತು ಔರಾದದಿಂದ ಹೊರಡುವಾಗ ಮಗಳು ಬಸ್ ನಿಲ್ದಾಣದವರೆಗೆ ಬಂದಿದ್ದಳು. ಬಸ್ಸಿನ ಕಿಟಕಿಯ ಕೆಳಗೆ ನಿಂತು ಅಂದಳು:

"ಆಪಾ, ಅಬ್ಬಾನೇ ಬರದಾರ ಅಂತ ಬರೀರಿ. ಆಖರಿತನ ಅವರೇ ಅಂತ. ನೀವು ದಿನಾ ಮನಿಗಿ ಬರ್ತಿದ್ರಿ, ಮಂದಿ ನಂಬ್ತಾರ."

"ನೀ ನಂಬ್ತೀಯೇನು?"

ಅವಳು ರಸ್ತೆಯ ಕಡೆ ನೋಡಿದಳು. "ನೀವು ಬರದ್ರ ನಂಬ್ತೀನಿ," ಎಂದಳು.

ಬರೆಯಬೇಕೆಂದೇ ಕೂತೆ. ಒಂದು ಸಾಲಿನ ಕೆಲಸ ಅದು. ಬರೆದಿದ್ದರೆ ಅವಳು ರಾತ್ರಿ ನಿದ್ದೆ ಮಾಡುತ್ತಿದ್ದಳು. ನನಗೆ ಆಗಲಿಲ್ಲ. ಆ ತಿಂಗಳುಗಳಲ್ಲಿ ನಾನು ಮುಚ್ಚಿದ ಬಾಗಿಲಿನ ಈಚೆಗಿದ್ದೆ. ಅವರು ಕೆಮ್ಮಿದ್ದು ಕೇಳಿದ್ದೇನೆ, ನನ್ನನ್ನು ಊರಿನ ಹೆಸರಿನಿಂದ ಕರೆದದ್ದು ಕೇಳಿದ್ದೇನೆ. ಒಳಗೆ ಕಡ್ಡಿ ಹಿಡಿದ ಕೈ ಯಾರದು ಎಂದು ನನಗೆ ಗೊತ್ತಿಲ್ಲ.